ಮಾಳಪ್ಪನ ಹೆಗಲಿನ ಕಂಬಳಿ

ಮೊದಲಿಗೆ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಒಂದು ಕಂಬಳಿ. ಹಾಸುವುದಕ್ಕೆ, ಹೊದೆಯುವುದಕ್ಕೆ, ಮಳೆ ತಡೆಯುವುದಕ್ಕೆ ಆಗುತ್ತೇನೆ. ಕಥೆ ಹೇಳುವುದು ನನ್ನ ಕೆಲಸವಲ್ಲ. ಅದೂ ನಾನು ಹೇಳಹೊರಟಿರುವುದು ನನ್ನ ಯಜಮಾನ ಪರದೇಶದ ಬೆಟ್ಟದಲ್ಲಿ ಕಾಣೆಯಾದ ಸಂಗತಿ. ಆ ಹೊತ್ತಿಗೆ ನಾನು ಅವನ ಮೈಮೇಲೆ ಇರಲಿಲ್ಲ. ಜೊತೆಗಿಲ್ಲದವನು ಹೇಳುವ ಮಾತಿಗೆ ಏನು ಬೆಲೆ ಎಂದು ಬಹಳ ಸಲ ಯೋಚಿಸಿದ್ದೇನೆ. ಆದರೆ ಹೇಳಬೇಕಾದವಳು ಬಾಯಿ ಬಿಡುವುದಿಲ್ಲ. ಹಾಗಾಗಿ ನಾನು ಹೇಳುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಹುಟ್ಟಿದ್ದು ರಾಣೆಬೆನ್ನೂರು ಕಡೆಯ ಒಂದು ಸಣ್ಣ ಊರಿನಲ್ಲಿ. ಹುಟ್ಟುವ ಮೊದಲು ಬೇರೆ ಬೇರೆ ಕುರಿಗಳ ಮೈಮೇಲೆ ಹಂಚಿಹೋಗಿದ್ದೆ. ಕರಿಯ ಕುರಿಗಳು, ಬಿಸಿಲಿಗೆ ಬೆನ್ನಿನ ಮೇಲೆ ಮಾತ್ರ ಕೆಂಪಗೆ ಸುಟ್ಟ ಉಣ್ಣೆ. ಕುರಿಗಳನ್ನು ಕೆರೆಯಲ್ಲಿ ಈಜಿಸಿ, ಒಣಗಿಸಿ, ಕತ್ತರಿ ಹಾಕಿದರು. ಹಾಲವ್ವ ಎಂಬ ಹುಡುಗಿ ಆ ಉಣ್ಣೆಯನ್ನು ಹಿಂಜಿ ನೂಲು ತೆಗೆದಳು. ಅವಳ ಅಪ್ಪ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನನ್ನನ್ನು ನೇಯ್ದ. ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹರಡಿದ. ಗಂಜಿ ಒಣಗಿ ನಾನು ಹಲಗೆಯ ಹಾಗೆ ಬಿಗಿದುಕೊಂಡೆ. ಆ ಬಿಗುವಿನಿಂದಲೇ ಮಳೆಯ ನೀರು ನಮ್ಮ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ.

ಹಾಲವ್ವನ ಮದುವೆಯಲ್ಲಿ ನನ್ನನ್ನು ಅಳಿಯನ ಹೆಗಲಿಗೆ ಹಾಕಿದರು. ಅಳಿಯನೇ ಮಾಳಪ್ಪ, ಕುರಿ ಕಾಯುವವನು. ಹೆಂಗಸರೆಲ್ಲ ಸೇರಿ ಹಾಲವ್ವನನ್ನು ಬಾಗಿಲಲ್ಲಿ ಅಡ್ಡಗಟ್ಟಿ, ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದರು. ಅವಳು ತಲೆ ತಗ್ಗಿಸಿ ಎರಡು ಸಾಲಿನ ಪ್ರಾಸದ ಒಡಪು ಕಟ್ಟಿ ಹೇಳಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಿದಳು. ಅದೊಂದೇ ಸಲ. ಆಮೇಲೆ ಬಹಳ ವರ್ಷ ಅವಳ ಬಾಯಲ್ಲಿ ಆ ಹೆಸರು ಬರಲಿಲ್ಲ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಕರೆಯಬೇಕಾದಾಗ “ಏನ್ರೀ” ಅನ್ನುತ್ತಿದ್ದಳು. ಬಯಲಲ್ಲಿ ದೂರವಿದ್ದರೆ “ಏನ್ರೀ” ಎಂಬುದೇ ಉದ್ದವಾಗಿ, ಹಾಡಿನ ಹಾಗೆ ಕೇಳುತ್ತಿತ್ತು.

ಮಾಳಪ್ಪನ ಹೆಗಲ ಮೇಲೆ ನಾನು ಬಹಳ ವರ್ಷ ಇದ್ದೆ. ಮಳೆಯಲ್ಲಿ ಅವನ ತಲೆಗೆ ಕೊಪ್ಪೆಯಾದೆ. ಬಯಲಲ್ಲಿ ಈದ ಕುರಿಯ ಮರಿಯನ್ನು ಅವನು ನನ್ನಲ್ಲೇ ಸುತ್ತಿ ತರುತ್ತಿದ್ದ. ಅವನಿಗೆ ಒಂದು ಗುಣವಿತ್ತು. ಹಿಂಡಿನಿಂದ ತಪ್ಪಿದ ಮರಿಯನ್ನು ಕಂಡರೆ, ಅದು ಯಾರದೇ ಆಗಿರಲಿ, ಸುಮ್ಮನೆ ದಾಟಿ ಹೋಗಲು ಆಗುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಯಾವಾಗಲೂ ನಾಲ್ಕು ಹುರಿದ ಶೇಂಗಾ ಇಟ್ಟುಕೊಂಡಿರುತ್ತಿದ್ದ. ಅಂಗೈಯಲ್ಲಿ ಶೇಂಗಾ ಚಾಚಿ, ನಾಲಗೆಯಿಂದ ಟ್ರರ್ ಟ್ರರ್ ಎಂದು ಕರೆದು, ಮರಿಯನ್ನು ಅದರ ಹಿಂಡಿಗೆ ಮುಟ್ಟಿಸಿಯೇ ಮುಂದೆ ಹೋಗುವನು. ಹಾಲವ್ವ ಬೈಯುತ್ತಿದ್ದಳು: “ಊರ ಮಂದಿ ಕುರಿ ಎಲ್ಲಾ ನಿಮ್ಮ ಕೊಳ್ಳಿಗೇ ಕಟ್ಯಾರೇನು? ಬುತ್ತಿ ಆರಿ ಹೋತು!” ಅವನು ನಗುತ್ತಿದ್ದ. “ಮರಿಗೆ ಏನ್ ಗೊತ್ತಲೇ, ಯಾರ ಮನೀದಂತ.”

ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ನಾನು ಹೆಚ್ಚು ಹೇಳಬಾರದು.

ಊರಿನ ಗುಡಿಯ ಕಟ್ಟೆಯಲ್ಲಿ ದೊಡ್ಡವರಿಗೆ ಸಂಜೆಶಾಲೆ ಶುರುವಾದಾಗ, ಕೂರಲು ಹಾಸುವುದಕ್ಕೆ ಹಾಲವ್ವ ನನ್ನನ್ನು ಒಯ್ಯುತ್ತಿದ್ದಳು. ನನಗೆ ಏನಾದರೂ ಅಕ್ಷರ ಗೊತ್ತಿದ್ದರೆ ಅದು ಅಲ್ಲಿ ಕಲಿತದ್ದು, ಅದೂ ಅರ್ಧಂಬರ್ಧ. ಮೊದಲ ದಿನ ಮಾಸ್ತರು ಗಂಡನ ಹೆಸರು ಕೇಳಿದರು. ಅವಳು ಬಾಯಿಗೆ ಸೆರಗು ಹಿಡಿದಳು. “ಹೇಳವ್ವ, ನಾಚ್ಕಿ ಯಾಕ?” ಎಂದರು. “ಬಾಯಿಲೆ ಹೇಳಂಗಿಲ್ರಿ. ಅಕ್ಷರ ಕಲಿಸ್ರಿ, ಬರದ ತೋರಿಸ್ತೀನಿ” ಎಂದಳು. ಕೂತವರೆಲ್ಲ ನಕ್ಕರು. ಅವಳು ಕಲಿತಳು. ಒಂದು ಸಂಜೆ ಪಾಟಿಯ ಮೇಲೆ ಸೊಟ್ಟಗೆ “ಮಾಳಪ್ಪ” ಎಂದು ಬರೆದು, ಮಾಸ್ತರಿಗೆ ತೋರಿಸಿ, ಕೂಡಲೇ ಅಂಗೈಯಿಂದ ಒರೆಸಿಬಿಟ್ಟಳು.

ಕಾಲ ಬದಲಾಯಿತು. ನಮ್ಮ ಕಡೆ ಉಣ್ಣೆಯ ಕುರಿ ಬಿಟ್ಟು ಮಾಂಸದ ಕುರಿ ಸಾಕತೊಡಗಿದರು. ಮಗ್ಗದ ಕುಣಿಗಳನ್ನು ಮುಚ್ಚಿದರು. ಕರಿಯ ಕುರಿ ಬಿಡದೆ ಉಳಿದವರಲ್ಲಿ ಮಾಳಪ್ಪ ಒಬ್ಬ. ಆ ಕಾರಣಕ್ಕೇ ಅವನಿಗೆ ಕರೆ ಬಂತು. ಉಣ್ಣೆಯ ಪ್ರಾಣಿ ಸಾಕುವ ಎಲ್ಲ ದೇಶದವರು ಬೊಲಿವಿಯಾ ಎಂಬ ದೇಶದಲ್ಲಿ ಸೇರುತ್ತಾರಂತೆ, ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದು ಧಾರವಾಡದ ಒಂದು ಸಂಸ್ಥೆಯವರು ಬಂದು ಹೇಳಿದರು. ಜೊತೆಗೆ ಮಾತು ತಿಳಿಸಿ ಹೇಳಲು ವಿನುತಾ ಎಂಬ ಹುಡುಗಿ ಬರುವುದೆಂದಾಯಿತು. ಅವಳು ಇವರನ್ನು ಕಾಕಾ, ಕಾಕು ಎಂದು ಕರೆಯುತ್ತಿದ್ದಳು.

ದೀಪಾವಳಿಯಲ್ಲಿ ಕುರಿಹಟ್ಟಿಯ ಪೂಜೆ ಮುಗಿಸಿ ಹೊರಟೆವು. ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ಬಂದು ನನ್ನನ್ನು ಮೂಸಿ ಮೂಸಿ ಬಾಲ ಆಡಿಸಿತು. ಮಾಳಪ್ಪ ಹೆಂಡತಿಗೆ ಹೇಳಿದ: “ನೋಡ್ ಹಾಲೀ, ಈ ಊರಾಗ ನಮ್ಮ ಗುರ್ತ ಹಿಡದದ್ದು ಇದೊಂದ.”

ಆ ದೇಶದ ಊರುಗಳೇ ಮುಗಿಲಿಗೆ ಹತ್ತಿರ. ಮೆಟ್ಟಿಲು ಹತ್ತಿದರೆ ಇಬ್ಬರಿಗೂ ಏದುಸಿರು. ಅಲ್ಲಿಯವರು ಒಂದು ಎಲೆಯ ಕಷಾಯ ಕೊಟ್ಟರು, ಹಾಲವ್ವ ಕುಡಿದಳು. ಮಾಳಪ್ಪ ಒಂದು ಗುಟುಕು ಕುಡಿದು, “ಬೇವಿನ ತಪ್ಪಲಕ್ಕ ತುಸು ಬೆಲ್ಲ ತೋರ್ಸಿದಂಗೈತಿ” ಎಂದು ಕೆಳಗಿಟ್ಟ. ಅವನಿಗೆ ತಲೆ ಸಿಡಿಯುತ್ತಿತ್ತು. ಹೆಂಡತಿಗೆ ಹೇಳಲಿಲ್ಲ. ವಿನುತಾ ಕೇಳಿದಾಗ “ಏನಿಲ್ಲವಾ, ಗಟ್ಟಿ ಅದೀನಿ” ಎಂದ. ಅವನು ಗಟ್ಟಿಯಾಗಿಲ್ಲ ಎಂದು ನನಗೆ ಗೊತ್ತಿತ್ತು. ಅವನ ಎದೆ ನನ್ನ ಕೆಳಗೆ ಓಡುವ ಕುರಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಆದರೆ ಕಂಬಳಿಗೆ ಗೊತ್ತಾಗಿ ಏನು ಪ್ರಯೋಜನ?

ಸಭೆ ಮುಗಿದ ಮೇಲೆ ಬಂದವರನ್ನೆಲ್ಲ ಆಂಡೀಸ್ ಪರ್ವತದ ಒಂದು ರಾಷ್ಟ್ರೀಯ ಉದ್ಯಾನ ತೋರಿಸಲು ಕರೆದೊಯ್ದರು. ಉದ್ಯಾನವೆಂದರೆ ಹೂವು, ಬೆಂಚು ಇರುವ ತೋಟವಿರಬೇಕೆಂದು ಹಾಲವ್ವ ತಿಳಿದಿದ್ದಳು. ಅಲ್ಲಿ ಹೂವೂ ಇಲ್ಲ, ಮರವೂ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲಿ ನೋಡಿದರೂ ಹಳದಿ ಹುಲ್ಲಿನ ಬಯಲು, ನಡುವೆ ಜೌಗು, ಆ ಕಡೆ ಹಿಮ ಹೊತ್ತ ಒಂಟಿ ಬೆಟ್ಟ. ಗಾಳಿ ಮಾತ್ರ ಒಂದೇ ಸಮನೆ. ಬಾಗಿಲಲ್ಲಿ ದೊಡ್ಡ ಫಲಕ ನೆಟ್ಟಿದ್ದರು. ಹಾಲವ್ವ ಅಭ್ಯಾಸದಂತೆ ಓದಲು ನೋಡಿದಳು. ಒಂದು ಅಕ್ಷರವೂ ಅವಳದ್ದಲ್ಲ. “ಮತ್ತ ಹೆಬ್ಬಟ್ಟ ಆದೆ ನೋಡ” ಎಂದಳು.

ದಾರಿಯಲ್ಲಿ ಲಾಮಾ ಎಂಬ ಉದ್ದ ಕತ್ತಿನ ಉಣ್ಣೆಯ ಪ್ರಾಣಿಗಳ ಹಿಂಡು ಸಿಕ್ಕಿತು. ಮಾಳಪ್ಪನಿಗೆ ತಲೆನೋವು ಮರೆತೇ ಹೋಯಿತು. “ಏ, ಒಂಟಿಗೂ ಕುರಿಗೂ ಲಗ್ನ ಮಾಡ್ಯಾರಲ್ಲೋ ಇವ್ರು!”

“ಕುತ್ತಿಗಿ ನೋಡಿದ್ರ ನಿಮ್ಮ ಅಕ್ಕನ್ನ ಕಂಡಂಗಾತು” ಎಂದಳು ಹಾಲವ್ವ.

“ನಮ್ಮ ಅಕ್ಕ ಇಷ್ಟು ಸುಮ್ನ ನಿಂದ್ರಂಗಿಲ್ಲ.”

ವಿನುತಾ ನಗುತ್ತ ಅದನ್ನು ಎಫ್ರಾಯಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಎಫ್ರಾಯಿನ್ ಉದ್ಯಾನದ ಕಾವಲುಗಾರ, ಅಲ್ಲಿಯ ಕುರುಬರ ಮನೆಯವನೇ. ಅವನೂ ನಕ್ಕ. ಆಮೇಲೆ ಬಯಲಿನ ಆಚೆ ಬೆರಳು ತೋರಿಸಿ ಏನೋ ಹೇಳಿದ. ಅಲ್ಲಿ ಕೆಂಚು ಬಣ್ಣದ, ತೆಳು ಕಾಲಿನ ಪ್ರಾಣಿಗಳು ಮೇಯುತ್ತಿದ್ದವು.

“ಅವು ವಿಕುನ್ಯಾ ಅಂತ ಕಾಕಾ. ಕಾಡುಪ್ರಾಣಿ. ಯಾರೂ ಸಾಕಿದ್ದಲ್ಲ. ಜಗತ್ತಿನಾಗ ಅಷ್ಟು ನಯ ಉಣ್ಣಿ ಬ್ಯಾರೆ ಯಾವುದಕ್ಕೂ ಇಲ್ಲಂತ” ಎಂದು ವಿನುತಾ ತಿಳಿಸಿದಳು.

ಮಾಳಪ್ಪ ಅವನ್ನೇ ದಿಟ್ಟಿಸಿದ. “ಅಷ್ಟು ಛಲೋ ಉಣ್ಣಿ ಇರೋ ಪ್ರಾಣಿಗೆ ಒಡೆಯಾ ಇಲ್ಲಂದ್ರ ಯಾರ್ ನಂಬ್ತಾರವಾ? ಸಾಕಿದವ್ರು ಆ ಗುಡ್ಡದ ಹಿಂದ ಇರ್ಬೇಕು. ಈ ತಮ್ಮಗ ಗೊತ್ತಿಲ್ಲ.”

ವಿನುತಾ ಅದನ್ನು ಎಫ್ರಾಯಿನ್‌ಗೆ ತಿಳಿಸಲಿಲ್ಲ. ತಮಾಷೆಯೆಂದುಕೊಂಡಿರಬೇಕು. ತಮಾಷೆಯಲ್ಲವೆಂದು ಯಾರಿಗೆ ತಾನೇ ಗೊತ್ತಾಗಬೇಕಿತ್ತು? ಉಣ್ಣೆಯಿದ್ದರೆ ಕತ್ತರಿ ಹಿಡಿಯುವ ಕೈ ಇರಲೇಬೇಕು, ಆ ಕೈಗೆ ಒಂದು ಮನೆ ಇರಲೇಬೇಕು. ಅವನು ಕಂಡ ಲೋಕ ಅಷ್ಟೇ. ನಾನು ಕಂಡದ್ದೂ ಅಷ್ಟೇ.

ಬೆಟ್ಟದ ಬುಡದಲ್ಲಿ ವಾಹನ ನಿಂತಿತು. ಅಲ್ಲೊಂದು ಬಿಸಿನೀರಿನ ಹೊಂಡವಿತ್ತು. ಬೇರೆ ದೇಶದವರೆಲ್ಲ ಎಫ್ರಾಯಿನ್ ಹಿಂದೆ ಅತ್ತ ಹೋದರು. ವಿನುತಾಳೂ ತಲೆ ತಿರುಗಿ ವಾಹನದಲ್ಲಿ ಒರಗಿದ್ದಳು. ಗಂಡ ಹೆಂಡತಿ ಒಂದು ಬಂಡೆಯ ಮರೆಯಲ್ಲಿ ಕೂತರು. ಬಿಸಿಲಿದ್ದರೂ ಚಳಿ. ಹಾಲವ್ವನ ಹಲ್ಲು ಕಟಕಟಿಸುತ್ತಿತ್ತು. ಮಾಳಪ್ಪ ನನ್ನನ್ನು ಹೆಗಲಿನಿಂದ ತೆಗೆದು ಅವಳಿಗೆ ಹೊದಿಸಿದ.

“ನಿಮಗ?” ಎಂದಳು.

“ನನಗ ಸ್ವೆಟರ್ ಐತಿ. ನೀ ಹೊದ್ಕೋ.”

ಆಗಲೇ ಅವನು ಅದನ್ನು ಕಂಡದ್ದು. ಒಂದು ಎಳೆಯ ವಿಕುನ್ಯಾ, ಹಿಂಡಿನಿಂದ ದೂರ, ಒಂಟಿಯಾಗಿ, ಕತ್ತು ನೀಳ ಮಾಡಿ ಹಿಂಡಿನ ಕಡೆಗೇ ನೋಡುತ್ತ ನಿಂತಿತ್ತು. ಸಣ್ಣಗೆ ಕೂಗುತ್ತಿತ್ತು.

“ಮರಿ ತಪ್ಪೇತಿ ಹಾಲೀ.”

“ತಪ್ಪಿದ್ರ ತಪ್ಪಲಿ. ಕಾಡುಪ್ರಾಣಿ ಅಂದ್ರಲ್ಲ.”

“ಹಿಂಡ ಅಲ್ಲೇ ಐತಿ. ಕೂಡ್ಸಿ ಬಂದೆ. ಇಲ್ಲೇ ಕುಂದ್ರ.” ಕೋಲು ಊರಿಕೊಂಡು ಎದ್ದ. ಎದ್ದವನು ಒಂದು ಕ್ಷಣ ತೂರಾಡಿ, ಬಂಡೆ ಹಿಡಿದು ನಿಂತು, ಹೊರಟ. ಜೇಬಿನಲ್ಲಿ ಶೇಂಗಾ ಸದ್ದು ಮಾಡಿತು.

ಅವನು ಹತ್ತಿರ ಹೋದಂತೆ ಮರಿ ಸ್ವಲ್ಪ ದೂರ ಓಡಿ ನಿಲ್ಲುವುದು, ತಿರುಗಿ ನೋಡುವುದು. ಅವನು ಅಂಗೈ ಚಾಚುವನು. ಟ್ರರ್ ಟ್ರರ್ ಎಂಬುದು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಮರಿ ಇನ್ನೂ ಅಷ್ಟು ದೂರ ಓಡುವುದು. ನಮ್ಮ ಕರಿಯ ಮರಿಗಳೂ ಹೀಗೇ ಆಡಿಸುತ್ತವೆ, ಕೊನೆಗೆ ಸೋತು ಬಳಿಗೆ ಬರುತ್ತವೆ. ಅವನು ಅದನ್ನೇ ನಂಬಿ ನಡೆದಿರಬೇಕು. ನಡೆಯುತ್ತ ನಡೆಯುತ್ತ ಒಂದು ದಿಬ್ಬ ಏರಿದ. ಬಹಳ ಸಣ್ಣಗೆ ಕಾಣುತ್ತಿದ್ದ.

ಬೆಟ್ಟದ ಹಿಂದಿನಿಂದ ಮಂಜು ಇಳಿಯತೊಡಗಿತು. ಹಾಲವ್ವ ಎದ್ದು ನಿಂತಳು. “ಏನ್ರೀ…! ಏನ್ರೀ…! ತಿರುಗ್ರಿ, ಸಾಕು!” ಅವನು ತಿರುಗಿದ. ಕೋಲು ಎತ್ತಿ ಆಡಿಸಿದ. ಬಂದೆ ಎಂದೋ, ತಡೆ ಎಂದೋ, ನನಗೆ ತಿಳಿಯಲಿಲ್ಲ. ಆಮೇಲೆ ದಿಬ್ಬದ ಆಚೆ ಇಳಿದ.

ಅಷ್ಟರಲ್ಲಿ ಆಲಿಕಲ್ಲು. ಬಯಲೆಲ್ಲ ಒಂದೇ ಏಟಿಗೆ ಬೆಳ್ಳಗಾಯಿತು. ಹಾಲವ್ವ ನನ್ನನ್ನು ತಲೆಯ ಮೇಲೆ ಎಳೆದುಕೊಂಡು ದಿಬ್ಬದ ಕಡೆಗೆ ಓಡಲು ನೋಡಿದಳು. ಉಸಿರು ಕಟ್ಟಿ ಕುಸಿದು ಕೂತಳು. ಆಲಿಕಲ್ಲು ನನ್ನ ಮೇಲೆ ಬಿದ್ದು ಪುಟಿದು ಹೋಗುತ್ತಿದ್ದವು. ಅವಳ ಅಪ್ಪ ಬಳಿದ ಹುಣಸೆ ಗಂಜಿ ಅಷ್ಟು ವರ್ಷವಾದರೂ ಹಿಡಿದಿತ್ತು. ಅವಳು ನೆನೆಯಲಿಲ್ಲ. ಅದು ಸಂತೋಷದ ಮಾತು ಎನ್ನಬೇಕೋ ಏನೋ, ನನಗೆ ಹಾಗೆ ಅನ್ನಲು ಬರುವುದಿಲ್ಲ. ಅವನ ಮೈಮೇಲಿದ್ದದ್ದು ಹತ್ತಿಯ ಅಂಗಿ, ಅದರ ಮೇಲೆ ಸಂಸ್ಥೆಯವರು ಕೊಟ್ಟ ತೆಳು ಸ್ವೆಟರ್.

ಎಫ್ರಾಯಿನ್ ಓಡುತ್ತ ಬಂದ. ವಿನುತಾ ಬಂದಳು. ಇಬ್ಬರೂ ಹಾಲವ್ವನನ್ನು ಹಿಡಿದು ದಿಬ್ಬ ಹತ್ತಿಸಿ, ಮೇಲೆ ನಿಂತು ಕೂಗಿದರು. ಎಫ್ರಾಯಿನ್ ಬಾಯಲ್ಲಿ ಆ ಹೆಸರು “ಮಲಾಪಾ, ಮಲಾಪಾ” ಎಂದಾಗುತ್ತಿತ್ತು. ವಿನುತಾಳ ಗಂಟಲು ಒಡೆದು ಹೋಯಿತು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ.

“ಕಾಕೂ, ನೀವು ಕರೀರಿ. ನಿಮ್ಮ ಧ್ವನಿ ಅವರಿಗೆ ಗುರ್ತು.”

ಹಾಲವ್ವ ಕೂಗಿದಳು. “ಏನ್ರೀ…!”

“ಹಂಗಲ್ಲ ಕಾಕೂ. ‘ರೀ’ ಅಷ್ಟ ಗಾಳಿಯಾಗ ಹಾರಿ ಹೋಗತೈತಿ. ಹೆಸರು ಹಿಡದು ಕೂಗ್ರಿ.”

“ಹೆಸರ ಹೆಂಗ ಹಿಡೀಲವ್ವ?” ಹಾಲವ್ವನ ಕೈ ನನ್ನ ಅಂಚನ್ನು ಹಿಂಡುತ್ತಿತ್ತು. “ಆಯುಷ್ಯ ಕಡಿಮಿ ಆಗತೈತಿ. ಇಂಥಾ ಹೊತ್ನ್ಯಾಗ ಹೆಸರು ಹಿಡೀ ಅಂತೀ?”

“ಕಾಕೂ, ಕಾಲಿಗೆ ಬೀಳ್ತೀನಿ.”

ಹಾಲವ್ವ ಕೂಗಲಿಲ್ಲ. ಮತ್ತೆ “ಏನ್ರೀ” ಎಂದಳು. ಮತ್ತೆ ಎಂದಳು. ಆಮೇಲೆ ಟ್ರರ್ ಟ್ರರ್ ಎಂದು ಗಂಡನ ಹಾಗೆಯೇ ಕರೆದಳು. ಮಂಜಿನೊಳಗೆ ಎಲ್ಲೋ ಒಂದು ವಿಕುನ್ಯಾ ಸೀಳಿದ ಹಾಗೆ ಕೂಗಿ ಓಡಿತು. ಎಫ್ರಾಯಿನ್ ಇನ್ನಷ್ಟು ಜನರನ್ನು ಕರೆತರಲು ಹೋದ. ಬೆಳಕು ಹೋಗುತ್ತ ಬಂತು. ಬೆಟ್ಟದ ಹಿಮ ಬೂದಿಯ ಬಣ್ಣಕ್ಕೆ ತಿರುಗಿತು. ಆಗ ಅವಳು ಎದ್ದಳು. ನನ್ನನ್ನು ತಲೆಯಿಂದ ಸರಿಸಿದಳು. ಎದೆಯ ತುಂಬ ಉಸಿರು ತೆಗೆದುಕೊಳ್ಳಲು ನೋಡಿದಳು. ಆ ಊರಿನಲ್ಲಿ ಎದೆ ತುಂಬುವಷ್ಟು ಗಾಳಿಯಿಲ್ಲ. ಇದ್ದಷ್ಟರಲ್ಲಿ ಕೂಗಿದಳು.

“ಮಾಳಪ್ಪಾ…!”

ಕೂಗಿದವಳು ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಉತ್ತರಿಸಲಿಲ್ಲ.

ಮರುದಿನ ಮಂಜು ಹರಿಯಿತು. ಆಕಾಶ ಏನೂ ನಡೆದೇ ಇಲ್ಲವೆಂಬಂತೆ ನೀಲಿಯಾಗಿತ್ತು. ಕಾವಲುಗಾರರು, ಊರಿನವರು, ನಾಯಿಗಳು, ಎಲ್ಲರೂ ಹುಡುಕಿದರು. ಆಲಿಕಲ್ಲು ಕರಗಿ ಹೆಜ್ಜೆಗಳನ್ನು ತೊಳೆದುಬಿಟ್ಟಿತ್ತು. ಜೌಗಿನಲ್ಲಿ ಕೋಲು ಇಳಿಸಿ ನೋಡಿದರು. ಬಹಳ ದಿನ ಹುಡುಕಿದರು. ಅವರ ಮೇಲೆ ನಾನು ಒಂದು ದೂರೂ ಹೇಳಲಾರೆ. ಸಿಕ್ಕಿದ್ದು ಒಂದೇ: ದಿಬ್ಬದ ಆಚೆ ಚಪ್ಪಟೆ ಕಲ್ಲಿನ ಮೇಲೆ ನಾಲ್ಕಾರು ಶೇಂಗಾ. ಹಾಲವ್ವ ಒಂದನ್ನು ಎತ್ತಿ ಮೂಸಿ ನೋಡಿದಳು. “ನಮ್ಮವ. ನಾನ ಹುರಿದದ್ದು” ಎಂದಳು. ಎಫ್ರಾಯಿನ್ ಕಲ್ಲನ್ನು ನೋಡಿ ವಿನುತಾಳಿಗೆ ಏನೋ ಹೇಳಿದ. ಅವಳು ತಲೆ ತಗ್ಗಿಸಿ ತಿಳಿಸಿದಳು: “ಇಲ್ಲೆ ಶೇಂಗಾ ಎಲ್ಲಾರ ಕಡೆನೂ ಇರತಾವಂತ ಕಾಕೂ. ಭೂಮಿತಾಯಿಗೆ ಅಂತ ಕಲ್ಲಿನ ಮ್ಯಾಲ ಇಡೋದು ಅವರ ಪದ್ಧತಿ. ಯಾರ ಇಟ್ಟಾರೋ ಹೇಳಾಕ ಬರಂಗಿಲ್ಲಂತ.”

ಇನ್ನೊಂದನ್ನೂ ಅವನು ಹೇಳಿದ. ಹೇಳಬಾರದಿತ್ತೇನೋ. ಆ ಮರಿ ದಾರಿ ತಪ್ಪಿದ್ದಲ್ಲವಂತೆ. ಅಷ್ಟು ಬೆಳೆದ ಮೇಲೆ ಅದರ ಅಪ್ಪನೇ ಅದನ್ನು ಹಿಂಡಿನಿಂದ ಓಡಿಸುತ್ತದಂತೆ. ಎಷ್ಟು ಸಲ ತಂದು ಸೇರಿಸಿದರೂ ಅಷ್ಟು ಸಲ ಓಡಿಸುತ್ತದಂತೆ. ಹಾಲವ್ವ ಅದನ್ನು ಕೇಳಿ ಬಯಲನ್ನು ನೋಡಿದಳು. ಆ ಎಳೆಯ ಪ್ರಾಣಿ, ಅದೋ ಅದರಂಥದ್ದೇ ಇನ್ನೊಂದೋ, ದೂರದಲ್ಲಿ ಒಂಟಿಯಾಗಿ ಮೇಯುತ್ತಿತ್ತು.

ನಾವು ಊರಿಗೆ ಬಂದೆವು. ನಾವು ಎಂದರೆ ಹಾಲವ್ವ ಮತ್ತು ನಾನು. ಬರುವ ದಾರಿಯಲ್ಲಿ ಅವಳು ನನ್ನನ್ನು ಹೊದೆಯಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಊರಲ್ಲಿ ಬೇರೊಂದು ಸಂಕಟ ಕಾದಿತ್ತು. ನಮ್ಮವರಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ. ಮಣ್ಣು ಮಾಡಲು ಏನೂ ಇರಲಿಲ್ಲ. ಹೆಂಡತಿ ಕುಂಕುಮ ಇಡಬೇಕೋ ಬಾರದೋ ಯಾರಿಗೂ ತಿಳಿಯದು. ಕೆಲವರು ಅವಳನ್ನು ಮುತ್ತೈದೆ ಎಂದು ಅರಿಸಿನಕ್ಕೆ ಕರೆಯುವರು. ಕೆಲವರು ಎದುರಿಗೆ ಬಂದರೆ ದಾರಿ ಬದಲಿಸುವರು. ಕೊನೆಗೆ ಮಾಳಪ್ಪನ ಅಣ್ಣ ರೇವಣಪ್ಪ ಹಿರಿಯರನ್ನು ಕೂಡಿಸಿದ. ಅವನು ಕೆಟ್ಟವನಲ್ಲ. ಅಳುತ್ತಲೇ ಮಾತಾಡಿದ.

“ತಂಗೀ, ಹಿಂಗ ಎಷ್ಟು ದಿನ? ಅವಂಗ ದಾರಿ ಆಗ್ಬೇಕಲ್ಲ. ದೇಹ ಇಲ್ಲಂದ್ರ ಅವನ ಕಂಬಳಿ ಐತಿ. ಮದುವಿ ಕಂಬಳಿ. ಅದನ್ನ ಮಣ್ಣ ಮಾಡೂಣು.”

ನನಗೆ ಭಯವಾಗಲಿಲ್ಲ. ನಿಜ ಹೇಳುತ್ತೇನೆ, ಅದು ಸರಿಯೆಂದೇ ತೋರಿತು. ಅವನ ಬದಲಿಗೆ ಮಣ್ಣಿನಲ್ಲಿ ಇಳಿದು ಕರಗಿದರೆ ನನ್ನಿಂದ ಅವನಿಗೆ ಒಂದು ಉಪಕಾರವಾದರೂ ಆಯಿತು. ಅವನಿಗೆ ಬೇಕಾದ ಹೊತ್ತಿನಲ್ಲಿ ನಾನು ಅವನ ಮೇಲಿರಲಿಲ್ಲವಲ್ಲ.

ಹಾಲವ್ವ ನನ್ನನ್ನು ಹಿಡಿದುಕೊಂಡಳು. “ಬಂದ್ರ ಏನ್ ಹೊದ್ಕೊಳ್ತಾರು?”

ಹಿರಿಯರು ಎದ್ದು ಹೋದರು.

ಅಂದಿನಿಂದ ನಾನು ಮನೆಯ ಮೂಲೆಯ ಬಿದಿರಿನ ಗಳದ ಮೇಲೆ ಇದ್ದೇನೆ. ಕೆಳಗೆ ಕುರಿಗಳಿಲ್ಲ, ರೇವಣಪ್ಪ ಅವನ್ನು ತನ್ನ ಹಟ್ಟಿಗೆ ಹೊಡೆದುಕೊಂಡು ಹೋದ, ಈಗ ಅವನೂ ಮಾಂಸದ ಕುರಿ ಸಾಕುತ್ತಾನೆ. ಗಂಜಿ ಬಿಟ್ಟು ಮೆತ್ತಗಾಗಿದ್ದೇನೆ. ನುಸಿ ಹಿಡಿದು ಅಲ್ಲಲ್ಲಿ ತೂತಾಗಿದೆ. ಈಗ ಒಂದು ಮಳೆ ಬಂದರೂ ನಾನು ತಡೆಯಲಾರೆ. ಮಾಳಪ್ಪನ ಬೆವರಿನ ವಾಸನೆ ನನ್ನಲ್ಲಿ ಬಹಳ ಕಾಲ ಇತ್ತು. ಈಗ ಇದೆಯೋ, ಇದೆಯೆಂದು ನಾನು ಅಂದುಕೊಂಡಿದ್ದೇನೋ, ಖಚಿತವಾಗಿ ಹೇಳಲಾರೆ.

ಒಮ್ಮೊಮ್ಮೆ ಸಂಜೆ ಹಾಲವ್ವ ನನ್ನನ್ನು ಇಳಿಸಿ ನೆಲಕ್ಕೆ ಹಾಸುತ್ತಾಳೆ. ಕೂರುವುದಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ನನ್ನ ಮೇಲೆ ಏನೋ ಗೀಚುತ್ತಾಳೆ. ಪಾಟಿಯ ಮೇಲೆ ಕಲಿತ ಸೊಟ್ಟ ಅಕ್ಷರಗಳು. ಆಮೇಲೆ ಅಂಗೈಯಿಂದ ಒರೆಸುತ್ತಾಳೆ. ಬಾಯಲ್ಲಿ ಆ ಹೆಸರು ಮತ್ತೆ ಬಂದಿಲ್ಲ. ಮೊದಲೇ ಕೂಗಿದ್ದರೆ ಅವನು ತಿರುಗಿ ಬರುತ್ತಿದ್ದನೇ ಎಂದು ಒಂದು ದಿನ ಅವಳ ಮುಖ ಹೇಳುತ್ತದೆ. ಕೂಗಿದ್ದರಿಂದಲೇ ಹೋದನೇ ಎಂದು ಇನ್ನೊಂದು ದಿನ.

ಅವನು ದಿಬ್ಬದ ಆಚೆ ಎಷ್ಟು ದೂರ ಹೋದ, ಗೊತ್ತಿಲ್ಲ. ಕಲ್ಲಿನ ಮೇಲಿನ ಶೇಂಗಾ ಯಾರದೆಂದು ಗೊತ್ತಿಲ್ಲ. ಮರಿ ಕೊನೆಗಾದರೂ ಅವನ ಅಂಗೈಗೆ ಬಂತೋ, ಗೊತ್ತಿಲ್ಲ. ಅವನಿಗೆ ಎಷ್ಟು ಚಳಿಯಾಯಿತು ಎಂಬುದನ್ನು ಯೋಚಿಸಲು ನನ್ನಿಂದ ಆಗುವುದಿಲ್ಲ. ಮಂಜಿನೊಳಗೆ ಹೆಂಡತಿ ಅವನನ್ನು ಹೆಸರು ಹಿಡಿದು ಕರೆದಳಲ್ಲ, ಅದು ಅವನಿಗೆ ಕೇಳಿಸಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.